ಇಸ್ತ್ರಿ ಅಂಗಡಿಯ ಪಂದ್ಯ

ಮಾರ್ಚ್ ೧೨, ಬುಧವಾರ.

ಈ ಊರಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವನು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಆದರೂ ಇವತ್ತು ಅಕ್ಕನ ಮಗಳು ನನ್ನ ಇಸ್ತ್ರಿ ಅಂಗಡಿಯಲ್ಲೇ, ಗಿರಾಕಿಗಳ ಎದುರಿಗೇ, ನನ್ನ ಮೀಸೆ ಮಣ್ಣು ಮಾಡಿದಳು.

"ನಾಮಪದ ಅಂದ್ರೆ ಸಾಯೋವರೆಗೂ ನಾಮಪದ ಕಣೇ. ಇಂಗ್ಲಿಷ್‌ನಲ್ಲಿ ಎರಡು ಕೆಲಸ ಮಾಡೋ ಪದ ತೋರಿಸು, ಇವತ್ತಿನ ಗಲ್ಲಾ ನಿಂದು" ಅಂದೆ.

"ಮೂರು ಮಾಡೋದು ತೋರಿಸಿದ್ರೆ?"

"ನಾಳೆದೂ ತಗೋ!"

ಅವಳು ನನ್ನ ಕೈ ನೋಡಿ ನಕ್ಕಳು. "ಮಾವ, ನೀನು ಹಿಡಿದಿರೋದು ಐರನ್. ಮಾಡ್ತಿರೋದೂ ಐರನ್. ನಿನ್ನ ಹಿಂದಿರೋದು ಐರನ್ ಗೇಟು."

ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಷ್ಟಾದರೂ ನನ್ನ ಸೋದರ ಸೊಸೆ, ಬುದ್ಧಿ ನನ್ನ ಕಡೆಯದೇ.

ಹೆಂಡತಿಗೆ ನೂರು ಹೋಯಿತು ಅಂದಿದ್ದೇನೆ. ಗಲ್ಲಾದಲ್ಲಿ ಇದ್ದದ್ದು ಏಳುನೂರ ನಲವತ್ತು. ನಾಳೆಯದು ಬೇರೆ.