ಬೆಕ್ಕು ತಿಂದ ಕೊನೆಯ ಪುಟ

ಅವ್ವಾ,

ಇದನ್ನು ಮೊಮ್ಮಗಳ ಕೈಲಿ ಓದಿಸಿಕೋ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಇಟ್ಟುಬಿಡುತ್ತೀಯ. ಹಾರೋಹಳ್ಳಿಯಿಂದ ತಂದ ಮೀನು ತಣ್ಣಗಿಡುವ ಮೆಷಿನ್ನನ್ನು ಮಲ್ಪೆಯ ಬೋಟಿಗೆ ಜೋಡಿಸಿ, ಪರೀಕ್ಷೆಗೆಂದು ನಾನೂ ಕಡಲಿಗೆ ಹೋಗಿದ್ದೆ. ದಡ ಮರೆಯಾದ ಮೇಲೆ ಟವರ್ ಇಲ್ಲ. ಅದಕ್ಕೇ ನಿನ್ನ ಫೋನಿಗೆ ಸಿಗಲಿಲ್ಲ.

ಟವರ್ ಇಲ್ಲದ ಕಡೆಗೆಂದು ಇಲ್ಲಿನವರು ಬಂದರಿನ ಲೈಬ್ರರಿಯಿಂದ ಕಾದಂಬರಿ ಒಯ್ಯುತ್ತಾರೆ. ನಾನೂ ಒಂದು ಹಿಡಿದೆ. ಅಣ್ಣನ ಜೊತೆ ಜಗಳವಾಡಿ ತವರಿಗೆ ಕಾಲಿಡದ ತಂಗಿಯ ಕಥೆ. ಕೊನೆಯ ಪುಟ ಓದುವ ಮೊದಲೇ ಅಲೆ ಬಡಿದು ಪುಸ್ತಕ ನೆನೆಯಿತು. ದಡಕ್ಕೆ ಬಂದವನೇ ಕಣದಲ್ಲಿ ರಾಗಿ ಹರವುವ ಹಾಗೆ ಅದನ್ನು ಬಿಸಿಲಿಗೆ ಬಿಡಿಸಿಟ್ಟು, ಮೇಲೊಂದು ಕಲ್ಲು ಹೇರಿ, ಟೀ ಕುಡಿಯಲು ಹೋದೆ. ವಾಪಸು ಬಂದರೆ, ಮೀನಿನ ವಾಸನೆಗೆ ಬೆಕ್ಕು ಬಂದು ಪುಟ ಕಚ್ಚಿ ಎಳೆಯುತ್ತಿದೆ!

"ಥೂ, ಕತೆ ಕೊನೇನೇ ತಿಂದಾಕ್ಬುಟ್ಟೈತಲ್ಲ!" ಎಂದು ಕೂಗಿದೆ.

ಬೋಟ್ ಓಡಿಸುವ ಸದಾಶಿವಣ್ಣ ನಕ್ಕರು. "ನೆಲದಲ್ಲಿ ಇಟ್ರೆ ಬೆಕ್ಕು ಬಿಡ್ತದಾ ಮಾರಾಯ್ರೆ?" ಎಂದು ಲೈಬ್ರರಿಯ ಹಿತ್ತಲು ತೋರಿಸಿದರು. ಅಲ್ಲಿ ನೆನೆದ ಪುಸ್ತಕಗಳನ್ನೆಲ್ಲ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ್ದಾರೆ, ಸೀರೆ ಕುಪ್ಪಸದ ಹಾಗೆ.

ಆ ತಂಗಿ ಮನೆಗೆ ಬಂದಳೋ ಇಲ್ಲವೋ, ತಿಳಿಯಲಿಲ್ಲ. ಅದೇ ತಲೆ ಕೊರೆಯುತ್ತಿದೆ.

ಕಡಲಲ್ಲಿ ಶುರುವಾದ ವಾಂತಿ ನಿಂತಿದೆ, ಮೈ ಹುಷಾರಾಗಿದೆ. ಮಾಗಡಿಯಲ್ಲಿರುವ ನಿನ್ನ ಮಗಳಿಗೂ ಇವತ್ತೇ ಒಂದು ಕಾರ್ಡ್ ಹಾಕಿದ್ದೇನೆ, ಹಬ್ಬಕ್ಕೆ ಬಾ ಎಂದು. ಜಗಳವಾದಾಗಿನಿಂದ ಭಾಗ್ಯ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳಲ್ಲ, ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲಿ ನೋಡೋಣ.

ಕಾಗದದಲ್ಲಿ ಜಾಗ ಮುಗಿಯಿತು.

ದೇವರಾಜು