ಸೇತುವೆಯಾಚೆ ಯಾರೂ ಇಲ್ಲವಂತೆ

ಹಿಕರಿ ಬೆಂಡ್, ಅಲಬಾಮಾ
ಸೆಪ್ಟೆಂಬರ್ ೧೦, ಮಂಗಳವಾರ

ಪ್ರೀತಿಯ ಮಗಳು ಜೊನೆಲ್‌ಗೆ,

ನಿನ್ನ ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯೋಣವೆಂದರೆ, ಇಲ್ಲಿ ನಾವೇ ಇಲ್ಲವಂತೆ ಕಣೇ! ಕೌಂಟಿಯವರು ಅಚ್ಚು ಹಾಕಿಸಿಬಿಟ್ಟಿದ್ದಾರೆ. ‘ನಮ್ಮ ಕೌಂಟಿಯ ಜನ, ನಮ್ಮ ಊರುಗಳು’ ಅಂತ ಹೊಳೆಯುವ ರಟ್ಟಿನ ಪುಸ್ತಕ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಅದನ್ನು ಗಟ್ಟಿಯಾಗಿ ಓದಿದರು. ಹಿಕರಿ ಬೆಂಡ್ ಹಿಂದೆ ಕಪ್ಪು ರೈತರ ಊರಾಗಿತ್ತು, ಈಗ ಚಪ್ಪಲಿ ಹಳ್ಳದ ಸೇತುವೆಯಾಚೆ ಖಾಯಂ ವಾಸಿಗಳಿಲ್ಲ, ಅಂತ ಇದೆ. ಎಸ್ಸಿ ಮೇ ಅಜ್ಜಿ ನನ್ನ ಪಕ್ಕೆ ತಿವಿದು, ಹಂಗಾದ್ರೆ ಬೆಳಗ್ಗೆ ನನ್ನ ಕೈಲಿ ಬೈಸಿಕೊಂಡಿದ್ದು ಯಾರೇ ಅರ್ಲೀನ್, ನಿನ್ನ ದೆವ್ವಾನಾ, ಅಂದಳು. ಹಳ್ಳದ ಹೆಸರೂ ನೆಟ್ಟಗೆ ಗೊತ್ತಿಲ್ಲದವರು ಬರೆದಿದ್ದಾರೆ ಬಿಡಿ, ಅಂತ ಪಾದ್ರಿಗಳೂ ನಕ್ಕರು. ನಾನು ನಗಲಿಲ್ಲ.

ಜನವೇ ಇಲ್ಲದ ಮೇಲೆ ಸೇತುವೆ ಯಾಕೆ, ರಿಪೇರಿ ಖರ್ಚು ದಂಡ, ಮುಚ್ಚಿಬಿಡೋಣ ಅನ್ನುತ್ತಿದ್ದಾರೆ ಕೌಂಟಿಯ ಕಮಿಷನರುಗಳು. ಬರುವ ವಾರ ಗುರುವಾರ ಸಂಜೆ ಕೋರ್ಟ್‌ಹೌಸಿನಲ್ಲಿ ಸಭೆ ಸೇರಿ ಮತ ಹಾಕುತ್ತಾರೆ. ಎಸ್ಸಿ ಮೇ ಅಜ್ಜಿಯನ್ನು ಡಯಾಲಿಸಿಸ್‌ಗೆ ಒಯ್ಯುವ ವ್ಯಾನು ಅದರ ಮೇಲೇ ಬರಬೇಕು. ಕಾಡಿನ ಹಿಂದಿನ ಮಣ್ಣುರಸ್ತೆ ನಿನಗೆ ಗೊತ್ತು, ನಾಲ್ಕು ಹನಿ ಬಿದ್ದರೆ ಚಕ್ರ ಹೂತುಹೋಗುತ್ತೆ. ಸೇತುವೆ ಮುಚ್ಚಿದರೆ ಅಜ್ಜಿ ಉಳಿಯುವುದಿಲ್ಲ. ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಎಡವಟ್ಟು ಎಲ್ಲಿ ಆಗಿದೆ ಅಂತ ನಾನು ಆಗಲೇ ಹಿಡಿದೆ. ಟಪಾಲಿನ ಗಾಡಿ ಸೇತುವೆ ದಾಟಲ್ಲ ಅಂದಾಗ ನಿಮ್ಮಪ್ಪನೇ ನಿಂತು ಊರವರ ಟಪಾಲು ಡಬ್ಬಿಗಳನ್ನೆಲ್ಲ ಹೆದ್ದಾರಿಯ ಪೆಟ್ರೋಲ್ ಬಂಕಿನ ಪಕ್ಕ ಸಾಲಾಗಿ ನೆಟ್ಟಿದ್ದಲ್ಲವಾ? ಡಬ್ಬಿ ಎಲ್ಲಿದೆಯೋ ಜನ ಅಲ್ಲೇ ಅಂತ ಬರೆದ ಮಹಾನುಭಾವರು ತಿಳಿದಿದ್ದಾರೆ. ಅಂದರೆ ನಾವೆಲ್ಲ ಪೆಟ್ರೋಲ್ ಬಂಕಿನ ಹಿಂದಿನ ಚರಂಡಿಯಲ್ಲಿ ಸಂಸಾರ ಹೂಡಿದ್ದೇವೆ! ಕಾರಿನಿಂದ ಇಳಿದು, ಒಂದು ಸಲ ಸೇತುವೆ ದಾಟಿ, ಯಾರದಾದರೂ ಬಾಗಿಲು ತಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಒಲೆ ಮೇಲೆ ಕೊಲಾರ್ಡ್ ಸೊಪ್ಪು ಇತ್ತು, ಕೂರಿಸಿ ಬಡಿಸುತ್ತಿದ್ದೆ.

ನಿನ್ನೆ ಕೌಂಟಿ ಕಚೇರಿಗೆ ಹೋಗಿದ್ದೆ. ಕಿಟಕಿಯಲ್ಲಿದ್ದ ಹುಡುಗಿ ನನ್ನ ವಿಳಾಸ ಕಂಪ್ಯೂಟರಿಗೆ ಹಾಕಿ, ಅಲ್ಲಿ ಯಾರೂ ಇಲ್ವಲ್ಲ ಮೇಡಂ, ಅಂತ ನನ್ನ ಮುಖ ನೋಡಿಕೊಂಡೇ ಹೇಳಿದಳು! ಮೈಯೆಲ್ಲ ಉರಿದುಹೋಯಿತು. ನೀನು ಯಾರ ಪೈಕಿ ಮಗೂ, ಅಂತ ಕೇಳಿದೆ. ತಬ್ಬಿಬ್ಬಾಗಿ ಅಜ್ಜನ ಹೆಸರು ಹೇಳಿದಳು. ನೋಡು, ನಮ್ಮ ಕಡೆ ಮನುಷ್ಯರನ್ನು ಮೊದಲು ಕೇಳುವ ಮಾತು ಅದು, ನೀವು ಕೇಳಲೇ ಇಲ್ಲ, ಅಂತ ಹೇಳಿ ಬಂದೆ.

ಬರೆದವರು ಯಾರೋ, ಕಿವಿ ಹಿಂಡಬೇಕು ಅಂತ ಊರೆಲ್ಲ ಹಲ್ಲು ಕಡಿಯುತ್ತಿದೆ. ಪುಸ್ತಕದಲ್ಲಿ ಹೆಸರಿಲ್ಲ. ನಿನ್ನ ರೂಫಸ್ ಮಾವ, ನಮ್ಮ ಜೊನೆಲ್ ಮಾಂಟ್ಗೊಮರಿಯಲ್ಲಿ ಇಂಥದೇ ಬರೆಯೋ ಆಫೀಸಲ್ಲಿ ಇದ್ದಾಳಲ್ಲ, ಅವಳನ್ನೇ ಕೇಳು, ಅಂದ. ಅವಳಿಗೆ ನೂರೆಂಟು ಕೆಲಸ, ಸುಮ್ಮನಿರೋ, ಅಂತ ಬಾಯಿ ಮುಚ್ಚಿಸಿದೆ. ದೂರ ಹೋದವರೆಲ್ಲ ಊರಿಗೆ ಬರುವ ಆಗಸ್ಟಿನ ಭಾನುವಾರಕ್ಕೂ ನೀನು ಬರಲಿಲ್ಲ. ನಿನಗೆಂದು ಎತ್ತಿಟ್ಟ ಗೆಣಸಿನ ಪೈ ಅವನ ಹೊಟ್ಟೆಗೇ ಹೋಯಿತು.

ಗುರುವಾರ ನಾವೆಲ್ಲ ಹೋಗುತ್ತಿದ್ದೇವೆ. ಮೈಕಿನ ಮುಂದೆ ಹೆಸರು, ಊರು ಹೇಳಿ ಮೂರೇ ನಿಮಿಷ ಮಾತಾಡಬೇಕಂತೆ. ಎಸ್ಸಿ ಮೇ ಅಜ್ಜಿಗೆ ತಾನು ಯಾರ ಪೈಕಿ ಅಂತ ಹೇಳಿ ಮುಗಿಸಲಿಕ್ಕೇ ಅರ್ಧ ಗಂಟೆ ಬೇಕು. ಅವಳು ಮುಗಿಸುವವರೆಗೆ ನಾವು ಯಾರೂ ಏಳುವುದಿಲ್ಲ. ಬೇಕಾದರೆ ಶೆರಿಫ್‌ನನ್ನು ಕರೆಸಿ ಹೊರಗೆ ಹಾಕಿಸಲಿ. ಇಲ್ಲದವರನ್ನು ಅದು ಹೇಗೆ ಹೊರಗೆ ಹಾಕುತ್ತಾರೋ ನಾನೂ ನೋಡುತ್ತೇನೆ!

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಲ್ಲದ ಊರಿನಲ್ಲಿ ಇದ್ದೇ ಇರುವ ನಿನ್ನ ಅಮ್ಮ,
ಅರ್ಲೀನ್ ಸ್ಟಾಲ್‌ವರ್ತ್

ಮರೆತ ಮಾತು: ಪುಸ್ತಕದಲ್ಲಿ ಚಪ್ಪಲಿ ಹಳ್ಳ ಅಂತ ಬರೆದಿದೆಯಲ್ಲ, ನಕಾಶೆಯಲ್ಲಿ ಅದು ಸೀಡರ್ ಹಳ್ಳ. ಊರವರ ಬಾಯಲ್ಲೂ ಸೀಡರ್ ಹಳ್ಳವೇ. ಚಪ್ಪಲಿ ಹಳ್ಳ ಅನ್ನುವುದು ನಮ್ಮ ಮನೆಯೊಳಗೆ ಮಾತ್ರ. ಈಸ್ಟರ್‌ಗೆ ಕೊಡಿಸಿದ ಬಿಳಿ ಚಪ್ಪಲಿಯನ್ನು ಅಲ್ಲಿ ತೇಲಿಬಿಟ್ಟು ನೀನು ಊರೆಲ್ಲ ಕೇಳುವ ಹಾಗೆ ಅತ್ತಿದ್ದಕ್ಕೆ ನಿಮ್ಮಪ್ಪ ಇಟ್ಟ ಹೆಸರು ಅದು. ಇದನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಗುರುವಾರ ನನ್ನ ಪಕ್ಕದ ಕುರ್ಚಿ ಹಿಡಿದಿಟ್ಟಿರುತ್ತೇನೆ. ನೀನು ಯಾರ ಪೈಕಿ ಅಂತ ಮೈಕಿನಲ್ಲಿ ನೀನೇ ಹೇಳು.