ಕೈ ಎಷ್ಟು ಅಲುಗಿತು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಮೂರು ಫಿಲ್ಲಿಂಗ್, ಒಂದು ರೂಟ್ ಕೆನಾಲ್. ಎಲ್ಲ ಸರಿಯಾಗಿಯೇ ಆಯಿತು. ಮಧ್ಯಾಹ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನನ್ನ ಕೈಯ ಟೀ ಕಪ್ಪು ಸಾಸರಿನ ಮೇಲೆ ಕಟಕಟ ಎಂದಿತು. ಅಣ್ಣ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಎತ್ತದಿರಲು ಪಟ್ಟ ಕಷ್ಟ ಮಾತ್ರ ಕಾಣಿಸಿತು.

ನರರೋಗದ ಡಾಕ್ಟರು ಹೋದ ತಿಂಗಳೇ ಹೆಸರಿಟ್ಟಿದ್ದಾರೆ. ಎಸೆನ್ಷಿಯಲ್ ಟ್ರೆಮರ್. ಕೈ ಗಾಳಿಯಲ್ಲಿದ್ದರೆ ನಡುಗುತ್ತದೆ, ಆಸರೆ ಸಿಕ್ಕರೆ ಸುಮ್ಮನಾಗುತ್ತದೆ. ಹೆಚ್ಚಬಹುದು, ಹೀಗೇ ಇದ್ದುಬಿಡಬಹುದು. ಕೆಲಸ ಮಾಡಬಹುದಾ ಎಂದು ಕೇಳಿದ್ದಕ್ಕೆ, "ನಿಮ್ಮ ಕೆಲಸ ನಿಮಗೇ ಗೊತ್ತಿರುತ್ತಲ್ಲ ಡಾಕ್ಟ್ರೇ" ಎಂದರು. ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಹಲ್ಲಿನ ಕೆಲಸದಲ್ಲಿ ಕೈ ಗಾಳಿಯಲ್ಲಿ ಇರುವುದೇ ಕಡಿಮೆ. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿರುತ್ತದೆ. ಅಣ್ಣನೂ ದಂತವೈದ್ಯನೇ, ಅವನಿಗೂ ಗೊತ್ತು. ಆದರೂ ಸಂಜೆ ಬೀಗ ಹಾಕುವಾಗ:

"ಪುಟ್ಟಿ, ಹೊಸಬರು ಒಬ್ಬರು ಸೇರ್ಕೋತೀನಿ ಅಂತಿದಾರೆ. ನಿನ್ನ ಚೇರ್ ಅವರಿಗೆ ಕೊಡೋಣ. ಮಾರ್ಚ್‌ನಿಂದ ನೀನು ಕನ್ಸಲ್ಟೇಶನ್ ನೋಡ್ಕೋ."

"ಕನ್ಸಲ್ಟೇಶನ್ ಅಂದ್ರೆ?"

"ಪೇಷಂಟ್ ಹತ್ರ ಮಾತಾಡೋದು. ನಿಂಗೆ ಚೆನ್ನಾಗಿ ಬರುತ್ತೆ."

ನಲವತ್ತಾರು ವರ್ಷದ ಪುಟ್ಟಿ. ಚೆನ್ನಾಗಿ ಮಾತಾಡುತ್ತಾಳಂತೆ.

ಯೋಚಿಸಿ ಹೇಳುತ್ತೇನೆ ಎಂದೆ. ಅವನು ಹೇಳುವುದು ತಪ್ಪೇ? ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಕಷ್ಟ. ನನ್ನ ಬಾಯಾಗಿದ್ದರೆ ಹಠ ಮಾಡಬಹುದಿತ್ತು. ಇದು ಕಂಡವರ ಬಾಯಿ.

ಫೆಬ್ರವರಿ 6, ಗುರುವಾರ

ಫೋನಿನಲ್ಲಿ ಗೋಡೆ ಗಡಿಯಾರದ ಫೋಟೋ ತೆಗೆದೆ. ಬೇಕೆಂದೇ ಕೈ ಚಾಚಿ. ಸೆಕೆಂಡಿನ ಮುಳ್ಳು ಕೂಡ ಚೊಕ್ಕವಾಗಿ ಬಂದಿದೆ. ಈ ಯಂತ್ರ ನನ್ನ ನಡುಕವನ್ನು ನುಂಗಿ ನೀರು ಕುಡಿಯುತ್ತದೆ. ಮನೆಯವರ ಹಾಗೆ— ಅಮ್ಮ ಈಗ ನನ್ನ ಲೋಟಕ್ಕೆ ಅರ್ಧವೇ ತುಂಬಿಸುತ್ತಾಳೆ, ಏನೂ ಆಗಿಲ್ಲವೆಂಬಂತೆ.

ಮರೆಮಾಚದ ಸಾಕ್ಷಿ ಒಂದು ಬೇಕು.

ಸಂಜೆ ಹಳೆ ಸಾಮಾನಿನ ಅಂಗಡಿಗೆ ಹೋದೆ. ಗಾಜಿನ ಬೀರುವಿನಲ್ಲಿ ಆ ಹಳೆ ಫಿಲ್ಮ್ ಕ್ಯಾಮೆರಾ ಎಷ್ಟೋ ತಿಂಗಳಿಂದ ಕೂತಿದೆ. ಮೇಲೊಂದು ಲೆನ್ಸು, ಕೆಳಗೊಂದು. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಒಂದು ರೋಲಿಗೆ ಹನ್ನೆರಡೇ ಫೋಟೋ, ಚೌಕಾಕಾರ.

"ಷೋಕೇಸಿಗಾ ಮೇಡಂ? ಕೆಫೆಯವರು ತುಂಬಾ ಒಯ್ತಾರೆ."

"ಅಲ್ಲ, ಫೋಟೋ ತೆಗೆಯೋಕೆ."

"ಇದರಲ್ಲಾ?" ಅಂಗಡಿಯವನು ನಕ್ಕ. "ಗ್ಯಾರಂಟಿ ಇಲ್ಲ ಮತ್ತೆ. ಆಮೇಲೆ ನನ್ನ ಕೇಳಬೇಡಿ."

"ನನಗೂ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಕಟ್ಟಿಕೊಡಿ."

ಹೊರಗೆ ಬಂದ ಮೇಲೆ ಅನಿಸಿತು: ಪರೀಕ್ಷೆ ಎಂಬುದು ನೆಪವೇ? ಆ ಪೆಟ್ಟಿಗೆಯ ಮೇಲೆ ಮೊದಲಿನಿಂದಲೂ ಕಣ್ಣಿತ್ತಲ್ಲ. ಇರಲಿ. ಎರಡೂ ನಿಜ.

ಫೆಬ್ರವರಿ 9, ಭಾನುವಾರ

ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿದೆ. ಕ್ಯಾಮೆರಾ ಹೊಟ್ಟೆಯ ಮಟ್ಟದಲ್ಲಿ, ನಾನು ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುತ್ತಿದ್ದೇನೆ.

"ಏನೇ ಅದು, ಬಾವಿ ಇಣುಕಿದ ಹಾಗೆ?"

"ಮಾತಾಡಬೇಡಮ್ಮ, ಅಲುಗಬೇಡ."

"ನಾನು ಹೋದ್ಮೇಲೆ ಅಲುಗಲ್ಲ. ಆಗ ಬೇಕಾದಷ್ಟು ತೆಗಿ."

ಆ ಗಾಜಿನಲ್ಲಿ ಎಡ-ಬಲ ತಿರುವು ಮುರುವು. ಕ್ಯಾಮೆರಾ ಬಲಕ್ಕೆ ಸರಿದರೆ, ಎಡಕ್ಕೆ ಹೋಗಬೇಕಾದ ಅಮ್ಮ ತಾನೂ ಬಲಕ್ಕೇ ಜಾರುತ್ತಾಳೆ. ಹೊಸಬರು ಇದಕ್ಕೆ ಒದ್ದಾಡುತ್ತಾರೆ ಎಂದು ಓದಿದ್ದೆ. ನನಗೆ ಒಂದು ಕ್ಷಣವೂ ಕಷ್ಟವಾಗಲಿಲ್ಲ. ಮೇಲಿನ ದವಡೆಯ ಹಿಂದಿನ ಹಲ್ಲುಗಳನ್ನು ಇಷ್ಟು ವರ್ಷ ಪುಟ್ಟ ಕನ್ನಡಿಯಲ್ಲೇ ನೋಡಿ ಕೊರೆದವಳು. ಲೋಕವೇ ಉಲ್ಟಾ ಆದರೂ ಕೈ ದಾರಿ ತಪ್ಪುವುದಿಲ್ಲ. ಖುಷಿಯಾಯಿತು. ತುಂಬ ದಿನದ ಮೇಲೆ ಕೈಯ ಬಗ್ಗೆ ಖುಷಿ.

ಬೆಳಕು ಬಿಡುವ ಶಟರಿನ ವೇಗ ಅರವತ್ತಕ್ಕೆ ಇಟ್ಟೆ— ಸೆಕೆಂಡಿನ ಅರವತ್ತನೇ ಒಂದು ಭಾಗ. ಡಯಲ್ಲಿನ ಅಂಕಿ ಚಿಕ್ಕದಾದಷ್ಟು ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಕೈಯ ಗುಟ್ಟು ರಟ್ಟಾಗುತ್ತದೆ. ಅರವತ್ತರಲ್ಲಿ ಯಾರ ಕೈಯಾದರೂ ನಿಲ್ಲಬೇಕು. ಪುಸ್ತಕ ಹಾಗೆನ್ನುತ್ತದೆ.

ಫೆಬ್ರವರಿ 10, ಸೋಮವಾರ

ಕ್ಲಿನಿಕ್ಕಿನ ಹಳೆ ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದೆ. ಎಕ್ಸ್‌ರೇ ಕಂಪ್ಯೂಟರಿಗೆ ಹೋದ ಮೇಲೆ ಅದು ಪೊರಕೆ ಇಡುವ ಜಾಗ. ಔಷಧಿಯ ಹುಳಿ ವಾಸನೆಗೆ ಸಿಸ್ಟರ್ ಮೂಗು ಮುಚ್ಚಿಕೊಂಡಳು. "ಮೇಡಂ, ಮತ್ತೆ ಇದು ಶುರುವಾಯ್ತಾ?"

ಒದ್ದೆ ಫಿಲ್ಮನ್ನು ಎಕ್ಸ್‌ರೇ ನೋಡುವ ದೀಪಕ್ಕೆ ಹಿಡಿದೆ.

ಎಲ್ಲವೂ ಅಲುಗಿವೆ. ಹನ್ನೆರಡೂ. ಅಮ್ಮನಿಗೆ ಎರಡು ಮೂಗು.

ಮಧ್ಯಾಹ್ನದ ಎರಡು ಪೇಷಂಟುಗಳನ್ನು ಅಣ್ಣನ ಚೇರಿಗೆ ಕಳಿಸಿದೆ.

ಫೆಬ್ರವರಿ 18, ಮಂಗಳವಾರ

ಒಂದು ವಾರ ಡ್ರಿಲ್ ಮುಟ್ಟಿಲ್ಲ. ಅಣ್ಣನಿಗೆ ನಾನೇ ಹೇಳಿದೆ— ಮಾರ್ಚ್‌ವರೆಗೆ ಯಾಕೆ, ಈಗಲೇ ಆಗಲಿ. ಅವನು ನನ್ನ ಭುಜ ತಟ್ಟಿದ. ಸತ್ತವರ ಮನೆಯಲ್ಲಿ ತಟ್ಟುತ್ತಾರಲ್ಲ, ಹಾಗೆ.

ಕನ್ಸಲ್ಟೇಶನ್ ರೂಮಿನಲ್ಲಿ ಒಂದು ಮೇಜು, ಪ್ಲಾಸ್ಟಿಕ್ಕಿನ ದವಡೆ, ನಾನು. ಹಳೆ ಪೇಷಂಟ್ ಒಬ್ಬರು ತಲೆ ಹಾಕಿ, "ನೀವೇ ಮಾಡಿ ಡಾಕ್ಟ್ರಮ್ಮ, ನಿಮ್ಮಣ್ಣಂದು ಕೈ ಭಾರ" ಎಂದರು. ನಕ್ಕೆ. ಚೆನ್ನಾಗಿ ಮಾತಾಡಿ ಕಳಿಸಿದೆ.

ಹೊಸ ಡಾಕ್ಟರು ಇಂದು ಜಾಗ ನೋಡಿಕೊಂಡು ಹೋಗಲು ಬಂದಿದ್ದರು. ಸಭ್ಯ ಹುಡುಗಿ. ನನ್ನ ಸ್ಟೂಲಿನ ಮೇಲೆ ಕೂತು ಎತ್ತರ ಇಳಿಸಿಕೊಂಡಳು.

ಇಷ್ಟೇ. ಬರೆಯುವುದಕ್ಕೆ ಬೇರೇನೂ ಇಲ್ಲ.

ಫೆಬ್ರವರಿ 21, ಶುಕ್ರವಾರ

ಇದೆ!

ಒಬ್ಬ ಹೆಂಗಸು ಬೇರೆ ಊರಿನಲ್ಲಿ ತೆಗೆಸಿದ ಹಳೆ ಮಾದರಿಯ ಎಕ್ಸ್‌ರೇ ಫಿಲ್ಮ್ ತಂದಿದ್ದರು. ದೀಪಕ್ಕೆ ಹಿಡಿದು, ಯೋಚನೆಯಿಲ್ಲದೆ ಹೇಳಿದೆ: "ಇದು ತುಂಬಾ ಕಪ್ಪಾಗಿದೆ ಅಮ್ಮ, ಹೆಚ್ಚು ಹೊತ್ತು ಬೆಳಕು ಬಿದ್ದಿದೆ. ಇದನ್ನ ನಂಬೋಕಾಗಲ್ಲ."

ಅವರು ಹೋದ ತಕ್ಷಣ ನನ್ನ ನೆಗೆಟಿವ್ ತೆಗೆದೆ. ಕಪ್ಪು. ಕಾಡಿಗೆಯಂಥ ಕಪ್ಪು. ಕಾಲೇಜಿನಲ್ಲಿ ಎಕ್ಸ್‌ರೇ ಪಾಠದ ಮೊದಲ ದಿನವೇ ಮೇಡಂ ಬಡಿದು ಕಲಿಸಿದ್ದು: ಮೊದಲು ಫಿಲ್ಮ್ ಓದಿ, ಆಮೇಲೆ ಹಲ್ಲು ಓದಿ. ಅಂದು ನಾನು ಫಿಲ್ಮ್ ಓದಲೇ ಇಲ್ಲ. ಭಯವನ್ನು ಓದಿದೆ.

ನಿಧಾನ. ನನಗೆ ಬೇಕಾದದ್ದನ್ನೇ ಕಾಣುತ್ತಿದ್ದೇನೆಯೇ? ಔಷಧಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೂ ಕಪ್ಪಾಗುತ್ತದೆ. ಆದರೆ ಅಂಚಿನಲ್ಲಿ ಕಂಪನಿಯವರೇ ಮುದ್ರಿಸಿದ ಅಂಕಿಗಳು ಹೇಗಿರಬೇಕೋ ಹಾಗೇ ಇವೆ. ಔಷಧಿ ಹೆಚ್ಚಾಗಿದ್ದರೆ ಅವೂ ದಟ್ಟವಾಗುತ್ತಿದ್ದವು. ತೊಳೆದದ್ದು ಸರಿ. ಬೆಳಕು ಅಳೆದದ್ದೂ ಸರಿ. ಹಾಗಾದರೆ ಶಟರ್. ಡಯಲ್ ಅರವತ್ತು ಎಂದರೂ ಅದು ಆಕಳಿಸುತ್ತ ತೆರೆದೇ ಇದೆ. ಕಿವಿಗಿಟ್ಟು ಒತ್ತಿದೆ. ಕ್ಲಿಕ್ ಅಲ್ಲ. ಕ್ಲಿ... ಕ್.

ಅಷ್ಟು ಹೊತ್ತು ತೆರೆದರೆ ಯಾರ ಕೈ ನಿಲ್ಲುತ್ತದೆ?

ಅಣ್ಣನ ಕೋಣೆಗೆ ಓಡಿದೆ. ಎಲ್ಲ ಕೇಳಿದ. ಮೃದುವಾಗಿಯೇ ಅಂದ, "ಪುಟ್ಟಿ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕಾಗಿದ್ರೂ ಇರಬಹುದಲ್ಲ ಅಣ್ಣ. ಯಾರಾದ್ರೂ ಬಗ್ಗಿ ನೋಡಿದಾರಾ?"

ಫೆಬ್ರವರಿ 27, ಗುರುವಾರ

ರಿಪೇರಿಯವನು ಕ್ಯಾಮೆರಾ ಬಿಚ್ಚಿ ತೋರಿಸಿದ. ಶಟರಿನ ಎಲೆಗಳ ಮೇಲೆ ಹಳೆ ಎಣ್ಣೆ ಗೋಂದಾಗಿದೆ. "ಉಪಯೋಗಿಸದೆ ಇಟ್ರೆ ಹಿಂಗೇ ಆಗೋದು. ಮನುಷ್ಯರೂ ಅಷ್ಟೇ" ಎಂದು ತತ್ವ ಬೇರೆ ಹೇಳಿ, ಅದಕ್ಕೂ ಸೇರಿಸಿ ಬಿಲ್ ಮಾಡಿದ.

ಈಗ ಕ್ಲಿಕ್. ಚಿಟಿಕೆ ಹೊಡೆದಂತೆ.

ಆದರೆ ಇದರಿಂದ ತಿಳಿದದ್ದು ಒಂದೇ: ಆ ಹನ್ನೆರಡು ಫೋಟೋ ಸಾಕ್ಷಿಯಲ್ಲ. ನನ್ನ ಕೈ ಸರಿಯಿದೆ ಎಂದಲ್ಲ. ಮತ್ತೆ ತೆಗೆಯಬೇಕು. ಈ ಸಲ ಭಯ ಜಾಸ್ತಿ. ಈ ಸಲ ದೂರಲು ನೆಲವಿಲ್ಲ.

ಮಾರ್ಚ್ 2, ಭಾನುವಾರ

ಅಣ್ಣ ಊಟಕ್ಕೆ ಬಂದಿದ್ದ. ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ, ಅದರ ಮುಂದೆ ಅಮ್ಮನನ್ನು ಕೂರಿಸಿದೆ. ಅಕ್ಷರ ಓದಲು ಬಂದರೆ ಕೈ ನಿಂತಿದೆ, ಬಾರದಿದ್ದರೆ ಇಲ್ಲ.

"ನಾಲ್ಕು ಫೋಟೋ ನಂದು, ನಾಲ್ಕು ನಿಂದು" ಎಂದೆ.

"ನಾನ್ಯಾಕೆ?"

"ನಿನ್ನ ಕೈ ಸರಿ ಇದೆ ಅಂತ ಯಾರು ಹೇಳಿದ್ದು?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ತೆಗಿಯೋ, ನೋಡೇಬಿಡೋಣ. ಚಿಕ್ಕವನಿದ್ದಾಗ ನಿನ್ನ ಕೈಗೆ ಕೊಟ್ಟಿದ್ದು ಯಾವುದೂ ಉಳೀತಿರಲಿಲ್ಲ."

"ಅಮ್ಮ, ನೀನು ಯಾರ ಕಡೆ?"

"ನಾನು ಕುರ್ಚಿ ಮೇಲೆ. ಬೇಗ ಮುಗಿಸಿ, ಸೊಂಟ ಹಿಡೀತಿದೆ."

ಅಣ್ಣ ಗಾಜಿನಲ್ಲಿ ಅಮ್ಮನನ್ನು ಹುಡುಕುತ್ತ ಎಡಕ್ಕೆ ಬಲಕ್ಕೆ ತೂರಾಡಿದ. ಅವನೂ ಕನ್ನಡಿಯಲ್ಲಿ ಕೆಲಸ ಮಾಡುವವನೇ. ಆದರೆ ಈಚೆಗೆ ಹಿಂದಿನ ಹಲ್ಲುಗಳನ್ನೆಲ್ಲ ನನಗೇ ಬಿಡುತ್ತಿದ್ದ, ಕತ್ತು ನೋವೆಂದು. ಅದು ಈಗ ಹೊಳೆಯಿತು.

ಇಬ್ಬರೂ ಒಂದೇ ವೇಗಗಳಲ್ಲಿ ತೆಗೆದೆವು. ಅರವತ್ತರಲ್ಲಿ, ಮೂವತ್ತರಲ್ಲಿ. ಬರಿಗೈಯಲ್ಲಿ ಒಂದು ಸಲ, ಮೊಣಕೈಯನ್ನು ಮೇಜಿಗೆ ಊರಿ ಇನ್ನೊಂದು ಸಲ. ಬರಿಗೈಯ ಸರದಿಯಲ್ಲಿ ನನ್ನ ಕೈ ನಡುಗಿದ್ದು ಅಮ್ಮನಿಗೆ ಕಂಡಿತು. ಅವಳು ನೋಟ ತಪ್ಪಿಸಲಿಲ್ಲ. ನೇರ ಲೆನ್ಸನ್ನೇ ದುರುಗುಟ್ಟಿದಳು, ಅದಕ್ಕೆ ಸವಾಲು ಹಾಕುವಂತೆ.

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಮೊದಲು ಫಿಲ್ಮ್ ಓದಿದೆ. ಕಪ್ಪು-ಬಿಳುಪು ಹದವಾಗಿದೆ. ನಂಬಬಹುದು.

ಆಮೇಲೆ ನನ್ನವು, ಭೂತಗನ್ನಡಿ ಹಿಡಿದು. ಅರವತ್ತು, ಬರಿಗೈ: ಪತ್ರಿಕೆಯ ದಪ್ಪಕ್ಷರ ಓದಲು ಬರುತ್ತದೆ, ಸಣ್ಣಕ್ಷರ ಮಸುಕು. ಮೂವತ್ತು, ಬರಿಗೈ: ಏನೂ ಇಲ್ಲ. ಅಮ್ಮ ಹೊಗೆಯಾಗಿದ್ದಾಳೆ. ಮೂವತ್ತು, ಮೊಣಕೈ ಊರಿ: ಸಣ್ಣಕ್ಷರವೂ ಸ್ಪಷ್ಟ. ಅಮ್ಮನ ಹುಬ್ಬಿನ ಬಿಳಿ ಕೂದಲು ಕೂಡ.

ಅಣ್ಣನವು ಬರಿಗೈಯಲ್ಲಿ ನನ್ನವಕ್ಕಿಂತ ಚೆನ್ನಾಗಿವೆ. ಎರಡರಲ್ಲಿ ಅಮ್ಮನ ತಲೆ ಕತ್ತರಿಸಿದ್ದಾನೆ, ಅದು ಬೇರೆ ಮಾತು.

ಬೇಸರ, ಸಮಾಧಾನ, ಎರಡೂ. ನಡುಕ ಇದೆ. ಸುಳ್ಳಲ್ಲ. ಆದರೆ ಅದಕ್ಕೊಂದು ಗೆರೆ ಇದೆ. ಗೆರೆಯ ಈಚೆ ನಾನು ಎಲ್ಲರಂತೆ.

ಕ್ಯಾಮೆರಾ ಹಲ್ಲಲ್ಲ, ಅದೂ ಗೊತ್ತು. ಅಮ್ಮನ ಹುಬ್ಬು ಸ್ಪಷ್ಟವಾಗಿ ಬಂದಿತೆಂದು ಯಾರದೋ ನರದ ಹತ್ತಿರ ಸೂಜಿ ಚುಚ್ಚುವ ಹಕ್ಕು ಬರುವುದಿಲ್ಲ. ಹಾಗಾದರೆ? ಒಸಡು ಸೀಳಿ ಹೊಲಿಗೆ ಹಾಕುವ ಕೇಸು ಇನ್ನು ನನ್ನದಲ್ಲ. ಅಲ್ಲಿ ಬೆರಳೂರಲು ಎಷ್ಟೋ ಸಲ ಜಾಗ ಸಿಗುವುದಿಲ್ಲ. ಅದು ನನಗಿಷ್ಟದ ಕೆಲಸವಾಗಿತ್ತು. ಬಿಡುತ್ತೇನೆ. ಉಳಿದದ್ದನ್ನು ಅಣ್ಣ ಪಕ್ಕದಲ್ಲಿ ನಿಂತು ನೋಡಲಿ. ಗೆರೆ ಇರಲಿ, ಆದರೆ ಎಳೆಯುವವಳು ನಾನು. ಭುಜ ತಟ್ಟಿ ಯಾರೋ ಎಳೆಯುವುದಲ್ಲ.

ಮಾರ್ಚ್ 4, ಮಂಗಳವಾರ

ಅಣ್ಣನಿಗೆ ಕೆಟ್ಟ ಫೋಟೋವನ್ನೇ ಮೊದಲು ತೋರಿಸಿದೆ. ಹೊಗೆಯಾದ ಅಮ್ಮ.

ದೀಪದ ಹತ್ತಿರ ಹಿಡಿದು ನೋಡಿದ. "ಇದನ್ನ ಯಾಕೆ ತೋರಿಸ್ತಿದ್ದೀಯ?"

"ನಾಳೆ ಇದು ನಿಂಗೆ ಬೇರೆ ಯಾರಿಂದಾನೋ ಗೊತ್ತಾಗಬಾರದು ಅಂತ."

ಆಮೇಲೆ ಉಳಿದವು. ಆಮೇಲೆ ಹೊಲಿಗೆಯ ಕೇಸುಗಳ ಮಾತು. ಅವನ ಮುಖ ಸಡಿಲವಾಯಿತು, ಮತ್ತೆ ಬಿಗಿಯಾಯಿತು.

"ಹೊಸಬರಿಗೆ ಮಾತು ಕೊಟ್ಟಾಗಿದೆ, ಪುಟ್ಟಿ."

"ಬರಲಿ. ಇನ್ನೊಂದು ಚೇರ್ ಹಾಕು."

"ಎಲ್ಲಿ ಹಾಕಲಿ? ನನ್ನ ತಲೆ ಮೇಲಾ?"

"ಕನ್ಸಲ್ಟೇಶನ್ ರೂಮ್ ಇದೆಯಲ್ಲ. ಇನ್ನು ಖಾಲಿನೇ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಬೋರ್ಡ್ ಮೇಲೆ ನನ್ನ ಹೆಸರೂ ಇದೆ."

ಈ ಪ್ರಶ್ನೆ ನ್ಯಾಯವಾದದ್ದು. ಅವನ ದನಿಯಲ್ಲಿ ಮೊದಲ ಸಲ ಕರುಣೆ ಇರಲಿಲ್ಲ, ಹೆದರಿಕೆ ಇತ್ತು. ಅದು ಎಷ್ಟೋ ವಾಸಿ.

"ನಾಳೆ ನನ್ನ ಹಿಂದೆ ನಿಂತು ನೋಡು. ಇಡೀ ದಿನ. ಒಂದು ಕಡೆ ಕೈ ತಪ್ಪಿದ್ರೂ ಪೇಷಂಟ್ ಎದುರಿಗೇ ನಿಲ್ಲಿಸು. ಅವತ್ತಿಗೇ ಎದ್ದುಬಿಡ್ತೀನಿ."

"ನೋಡೋಣ."

"ನೋಡೋಣ ಅಲ್ಲ ಅಣ್ಣ. ನೋಡು."

ಮಾರ್ಚ್ 5, ಬುಧವಾರ, ಕ್ಲಿನಿಕ್

ಕೆಳಗಿನ ದವಡೆ, ಬಲಗಡೆಯ ಕೊನೆಯ ಹಲ್ಲಿಗೆ ಫಿಲ್ಲಿಂಗ್. ಪೇಷಂಟ್ ಬಸ್ ಡ್ರೈವರ್. ಅವರಿಗೆ ಎಲ್ಲ ಹೇಳಿದೆ, ನಡುಕವನ್ನೂ, ಅಣ್ಣ ಯಾಕೆ ನಿಂತಿದ್ದಾನೆ ಎಂಬುದನ್ನೂ. ಬೇಡವೆಂದರೆ ಅಣ್ಣನೇ ಮಾಡುತ್ತಾನೆ ಎಂದೆ. "ನನ್ನ ಹಿಂದೆ ಐವತ್ತು ಜನ ನಿಂತಿರ್ತಾರೆ ಮೇಡಂ, ನಿಮ್ಮ ಹಿಂದೆ ಒಬ್ಬರು ತಾನೇ. ಮಾಡಿ" ಎಂದರು.

ಇಂಜೆಕ್ಷನ್ ಕೊಟ್ಟಾಯಿತು. ಬೆರಳೂರಿ, ಉಸಿರು ಹಿಡಿದು. ಅಣ್ಣ ನಿಲ್ಲಿಸಲಿಲ್ಲ. ಮರಗಟ್ಟುವವರೆಗೆ ಇಷ್ಟು ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕು. ಆಗಲಿ.

ತುಟಿ ದಪ್ಪವಾಯಿತೆಂದು ಡ್ರೈವರ್ ಸನ್ನೆ ಮಾಡುತ್ತಿದ್ದಾರೆ. ಸಿಸ್ಟರ್ ಗ್ಲೌಸ್ ಹಿಡಿದು ನಿಂತಿದ್ದಾಳೆ. ಅಣ್ಣ ಗೋಡೆಗೆ ಒರಗಿಕೊಂಡಿದ್ದ. ಅಲ್ಲಿಂದ ಏನು ಕಾಣುತ್ತದೆ, ಹತ್ತಿರ ಬಾ ಎಂದೆ. ಒಂದು ಹೆಜ್ಜೆ ಇಟ್ಟ. ಇನ್ನೂ ಹತ್ತಿರ ಎಂದೆ. ಬಂದ. ದೀಪ ಸರಿಮಾಡಿಕೊಟ್ಟ. ಪೆನ್ನು ಇಡುತ್ತೇನೆ, ಡ್ರಿಲ್ ಎತ್ತಿಕೊಳ್ಳಬೇಕು.